ಅತ್ತಿಗೆಯ ಜೆಡ್ ಡ್ರೈವ್

ನಮ್ಮ ಅತ್ತಿಗೆಗೆ ಭಯ ಹುಟ್ಟಿಸದ ವಸ್ತು ಈ ಭೂಮಿಯ ಮೇಲೆ ಯಾವುದಾದರೂ ಇದೆಯೇ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ತಲೆದಿಂಬು ಇರಬಹುದು. ಉಳಿದಂತೆ ಇಸ್ತ್ರಿಪೆಟ್ಟಿಗೆ, ಲಿಫ್ಟು, ಗುಡುಗು, ಹಿಮ್ಮುಖವಾಗಿ ಬರುವ ಲಾರಿ, ಗೊತ್ತಿಲ್ಲದ ನಂಬರಿನ ಫೋನು, ಯಾವುದೂ ಅವಳಿಗೆ ಆಗಿಬರುವುದಿಲ್ಲ. ಮನೆಗೆ ಬೀಗ ಹಾಕಿ ಜಗ್ಗಿ ನೋಡುತ್ತಾಳೆ. ನಾಲ್ಕು ಹೆಜ್ಜೆ ನಡೆದು, ತಿರುಗಿ ಬಂದು, ಇನ್ನೊಮ್ಮೆ ಜಗ್ಗುತ್ತಾಳೆ. "ಬಿಡು ಅತ್ತಿಗೆ, ಕಳ್ಳ ಬಂದ್ರೂ ಇಷ್ಟು ಜಗ್ಗಲ್ಲ" ಎಂದು ನಾನು ರೇಗಿಸುತ್ತೇನೆ. ಅವಳು ನಗುತ್ತಾಳೆ, ಆದರೆ ಕೈ ಬೀಗದ ಮೇಲೇ ಇರುತ್ತದೆ.

ವಯಸ್ಸಿನಲ್ಲಿ ಅವಳು ನನಗಿಂತ ಒಂದೇ ವರ್ಷ ದೊಡ್ಡವಳು. ಮದುವೆಯಾಗಿ ಬಂದ ಹೊಸದರಲ್ಲಿ ನಾನೂ 'ನೀವು', 'ಬನ್ನಿ', 'ಹೋಗಿ' ಎಂದದ್ದುಂಟು. ಆಮೇಲೆ ಬೆಳಗಿನ ಹೊತ್ತು ಇರುವ ಒಂದೇ ಕನ್ನಡಿಗಾಗಿ ಇಬ್ಬರೂ ಕಿತ್ತಾಡಿ, ಬಹುವಚನ ತಾನಾಗಿ ಉದುರಿಹೋಯಿತು. ಮನೆಯಲ್ಲಿ ನಾವು ಐದು ಜನ: ಅಮ್ಮ, ಅಣ್ಣ, ಅತ್ತಿಗೆ, ಅವರ ಪುಟ್ಟ ಮಗಳು, ಮತ್ತು ಮದುವೆಯ ಮಾತೆತ್ತಿದವರ ಮೇಲೆ ಹರಿಹಾಯುವ ನಾನು. ಇವರಲ್ಲಿ ಮೂವರಿಗೆ ಕೆಲಸ ಕೊಟ್ಟಿರುವುದು ಊರಿನ ನೀರಿನ ಕಚೇರಿ. ನಾನು ಕೆಳಗಿನ ಮಹಡಿಯಲ್ಲಿ ದೂರು ತೆಗೆದುಕೊಳ್ಳುವವಳು. ನಲ್ಲಿ ಬಂದಿಲ್ಲ, ಪೈಪು ಒಡೆದಿದೆ, ನೀರು ನಾರುತ್ತಿದೆ ಎಂದು ಜನ ಬೆಳಗಿನಿಂದ ಸಂಜೆಯವರೆಗೆ ನನ್ನನ್ನು ಬೈಯುತ್ತಾರೆ. ಅಣ್ಣ, ಪೈಪು ಒಡೆದ ಕಡೆ ಹೋಗಿ ಜೆಸಿಬಿಯಿಂದ ರಸ್ತೆ ಅಗೆಯುತ್ತಾನೆ. ಅತ್ತಿಗೆ ಮೂರನೇ ಮಹಡಿಯ ನಕ್ಷೆ ಕೋಣೆಯಲ್ಲಿ ಕೂತು, ಎಲ್ಲಿ ಅಗೆದರೆ ಕೆಳಗೆ ಏನಿದೆ ಎಂಬುದರ ಲೆಕ್ಕ ಇಟ್ಟುಕೊಂಡಿರುತ್ತಾಳೆ.

ಅಣ್ಣನಿಗೂ ಅವಳಿಗೂ ಅಜಗಜಾಂತರ. ಹೆದರುವ ಕೆಲಸವನ್ನೆಲ್ಲ ಹೆಂಡತಿಗೆ ವಹಿಸಿಕೊಟ್ಟು ತಾನು ನಿಶ್ಚಿಂತನಾದ ಮನುಷ್ಯ ಅವನು. ಜೆಸಿಬಿಯ ಬಕೆಟ್ಟಿನಿಂದ ಮೊಟ್ಟೆ ಎತ್ತಿಡಬಲ್ಲೆ ಎಂದು ಹೇಳಿಕೊಳ್ಳುತ್ತಾನೆ. ಎತ್ತಿಟ್ಟದ್ದನ್ನು ನಾನಂತೂ ನೋಡಿಲ್ಲ. ಊರಿನಲ್ಲಿ ನಡೆಯುವಾಗ ತಾನು ಅಗೆದು ಮುಚ್ಚಿದ ಜಾಗದ ಕಪ್ಪು ಡಾಂಬರಿನ ತೇಪೆ ಕಂಡರೆ "ಇದು ನಂದು" ಎನ್ನುತ್ತಾನೆ, ಮನೆ ಕಟ್ಟಿಸಿದವನ ಹಾಗೆ.

ನೆಲದ ಕೆಳಗೆ ಇರುವುದು ನೀರಿನ ಕೊಳವೆ ಒಂದೇ ಅಲ್ಲ. ಚರಂಡಿ ಇದೆ, ಕರೆಂಟಿನ ಕೇಬಲ್ ಇದೆ, ಈಚೆಗೆ ಮನೆಮನೆಗೂ ಅಡುಗೆ ಗ್ಯಾಸಿನ ಕೊಳವೆ ಬಂದಿದೆ. ಯಾರು ಎಲ್ಲಿ ಏನು ಹೂತರೂ ಅದರ ಅಳತೆ ಅತ್ತಿಗೆಯ ಕೋಣೆಗೆ ಬರಬೇಕು. ರಸ್ತೆಗೊಂದು ಶೀಟು. ನೀರಿಗೆ ನೀಲಿ ಗೆರೆ, ಚರಂಡಿಗೆ ಕಂದು, ಕರೆಂಟಿಗೆ ಕೆಂಪು, ಗ್ಯಾಸಿಗೆ ಹಳದಿ. ಮೂಲೆಯಲ್ಲಿ ತಾರೀಖು. ಅವಳು ಕೆಲಸಕ್ಕೆ ಸೇರಿದಾಗ ಈ ಶೀಟುಗಳೆಲ್ಲ ಕಬ್ಬಿಣದ ಬೀರುಗಳಲ್ಲಿ ಸುರುಳಿ ಸುತ್ತಿಕೊಂಡು ಬಿದ್ದಿದ್ದವು. ಒಂದೊಂದನ್ನೇ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಿದವಳು ಅವಳೇ. ಈಗ ಅವೆಲ್ಲ ಎಸಿ ಹಾಕಿದ ಗಾಜಿನ ಕೋಣೆಯೊಳಗಿನ ಒಂದು ದೊಡ್ಡ ಡಿಸ್ಕಿನಲ್ಲಿವೆ. ಕಚೇರಿಯ ಯಾವ ಕಂಪ್ಯೂಟರಿನಲ್ಲಿ ನೋಡಿದರೂ ಅದು ಜೆಡ್ ಎಂಬ ಅಕ್ಷರದಡಿ ಕಾಣುತ್ತದೆ. ಹಾಗಾಗಿ ಎಲ್ಲರಿಗೂ ಅದು ಜೆಡ್ ಡ್ರೈವ್, ಅತ್ತಿಗೆ ಜೆಡ್ ಮೇಡಂ.

ದೊಡ್ಡ ಡಿಸ್ಕು ತಂದ ಕಚೇರಿ, ಅದನ್ನು ನೋಡುವ ಕಂಪ್ಯೂಟರುಗಳನ್ನು ಮಾತ್ರ ಬದಲಾಯಿಸಲಿಲ್ಲ. ನಮ್ಮಲ್ಲಿರುವವು ಅಜ್ಜನ ಕಾಲದವು ಎಂದರೆ ಅಜ್ಜನಿಗೆ ಅವಮಾನ. ಬಿಳಿಯಾಗಿದ್ದವು ಹಳದಿಗಟ್ಟಿವೆ, ಫ್ಯಾನು ಮಿಕ್ಸಿಯಂತೆ ಕಿರುಚುತ್ತದೆ, ಕೀಬೋರ್ಡಿನಲ್ಲಿ ಅಕ್ಷರ ಅಳಿಸಿಹೋಗಿ ಬೆರಳಿಗೆ ರೂಢಿಯೇ ಗತಿ. ಜೆಡ್ ಡ್ರೈವ್ ಒತ್ತಿದರೆ ಮರಳಿನ ಗಡಿಯಾರ ಬಂದು ನಿಲ್ಲುತ್ತದೆ. ಫೋಲ್ಡರಿನೊಳಗೆ ಫೋಲ್ಡರು ಇಟ್ಟು ಹೆಸರು ಉದ್ದವಾದರೆ ಹಳೆಯ ಕಂಪ್ಯೂಟರು ಆ ಶೀಟನ್ನು ತೆರೆಯುವುದೇ ಇಲ್ಲ. ಇದರಲ್ಲಿ ಅತ್ತಿಗೆಯ ಪಾಲೂ ಉಂಟು. ಅವಳು ಏನನ್ನೂ ಅಳಿಸುವುದಿಲ್ಲ. ನೆಟ್‌ವರ್ಕಿನ ಡ್ರೈವಿನಲ್ಲಿ ಅಳಿಸಿದ್ದು ಕಸದ ಬುಟ್ಟಿಗೂ ಹೋಗುವುದಿಲ್ಲ, ನೇರ ಮಾಯ. ಅದಕ್ಕೆ ಹೆದರಿ ಅವಳು ಹಳೆಯ ಶೀಟುಗಳನ್ನು 'ಸದ್ಯಕ್ಕೆ ಬೇಡ' ಎಂಬ ಫೋಲ್ಡರಿಗೆ ತಳ್ಳುತ್ತಾಳೆ. ಅದು ತುಂಬಿದಾಗ ಅದರೊಳಗೇ 'ಇದೂ ಸದ್ಯಕ್ಕೆ ಬೇಡ' ಹುಟ್ಟಿಕೊಂಡಿತು. ಅದರೊಳಗೆ ಏನಿದೆ ಎಂದು ನಾನು ಕೇಳಲು ಹೋಗಿಲ್ಲ.

ಡ್ರೈವ್ ನಿಧಾನ ಎಂದು ಎಲ್ಲರಿಗಿಂತ ಹೆಚ್ಚು ತಲೆ ತಿನ್ನುತ್ತಿದ್ದವರು ಟ್ಯಾಂಕ್ ಡಿಪೋದ ಮೇಸ್ತ್ರಿ. ನೀರಿನ ಟ್ಯಾಂಕಿನ ಬುಡದಲ್ಲಿರುವ ಆ ಡಿಪೋದಿಂದಲೇ ಅಣ್ಣನ ಜೆಸಿಬಿ ಹೊರಡುವುದು. ಬೆಳಗ್ಗೆ ಮೇಸ್ತ್ರಿ ಅಲ್ಲಿನ ಹಳೆಯ ಕಂಪ್ಯೂಟರಿನಿಂದ ಆ ದಿನದ ರಸ್ತೆಯ ಶೀಟು ಪ್ರಿಂಟ್ ತೆಗೆದು ಕೊಡಬೇಕು. "ಮೇಡಂ, ನಿಮ್ಮ ಜೆಡ್ಡು ತೆರೆಯೋಷ್ಟರಲ್ಲಿ ನನ್ನ ಗಡ್ಡ ಎದೆಗೆ ಬರುತ್ತೆ. ಅಷ್ಟು ಹೊತ್ತು ಅಲ್ಲಿ ನೀರು ರಸ್ತೆ ಮೇಲೆ ಹರೀತಿರುತ್ತೆ" ಎಂದು ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದರು.

ಅತ್ತಿಗೆ ಅದಕ್ಕೊಂದು ದಾರಿ ಹುಡುಕಿದಳು. ಜೆಡ್ ಡ್ರೈವಿನಲ್ಲಿರುವುದರ ಒಂದು ಪ್ರತಿಯನ್ನು ಡಿಪೋದ ಕಂಪ್ಯೂಟರಿನ ಹೊಟ್ಟೆಯಲ್ಲೇ ಇಡುವುದು. ಕೇಳಿದಾಗ ಅದನ್ನೇ ತೋರಿಸುವುದು. ದೊಡ್ಡ ಡಿಸ್ಕಿನಲ್ಲಿ ಏನಾದರೂ ಬದಲಾದರೆ ಪ್ರತಿಯೂ ತಾನಾಗಿ ಬದಲಾಗುವುದು. ಒಂದು ಸಣ್ಣ ಚೌಕದಲ್ಲಿ ಟಿಕ್ ಹಾಕಿದರೆ ಮುಗಿಯಿತು. ಆ ಟಿಕ್ ಹಾಕಲು ಅವಳು ಪಟ್ಟ ಪಾಡು ಅಷ್ಟಿಷ್ಟಲ್ಲ. ತನ್ನ ಕಂಪ್ಯೂಟರಿನಲ್ಲಿ ಹಾಕಿದಳು, ತೆಗೆದಳು, ತಂತಿ ಕಿತ್ತು ನೋಡಿದಳು, ಕರೆಂಟು ಆರಿಸಿ ನೋಡಿದಳು. ಊಟದ ಹೊತ್ತಿಗೂ ಅದೇ ಮಾತು. ಅಣ್ಣ ತಲೆ ಚಿಟ್ಟು ಹಿಡಿದು, "ಟಿಕ್ ತಾನೇ ಹಾಕೋದು ಮಾರಾಯ್ತಿ, ಬಾಂಬ್ ಅಲ್ವಲ್ಲ!" ಎಂದಿದ್ದ. ಕೊನೆಗೆ ಮಗಳ ಶಾಲೆ ಶುರುವಾದ ವಾರ, ಟ್ಯಾಂಕ್ ಡಿಪೋಗೂ ಇನ್ನೆರಡು ಡಿಪೋಗಳಿಗೂ ಹೋಗಿ ಟಿಕ್ ಹಾಕಿ ಬಂದಳು. ಮೇಸ್ತ್ರಿ ಸುಮ್ಮನಾದರು.

ಅವಳು ನೋಡದೆ ಬಿಟ್ಟದ್ದು ಒಂದೇ. ಡಿಪೋದ ಕಂಪ್ಯೂಟರಿನ ಡಿಸ್ಕು ಅಂಗೈಯಷ್ಟು. ಮೇಸ್ತ್ರಿ ತಮ್ಮ ಮಗಳ ಮದುವೆಯ ವಿಡಿಯೋವನ್ನು, ಬೀಗರ ಕಡೆಯವರ ಊಟದ ಸಾಲಿನ ಸಮೇತ, ಅದರಲ್ಲೇ ತುಂಬಿಸಿದರು. ಡಿಸ್ಕು ತುಂಬಿತು. ಹೊಸ ಶೀಟು ಬಂದರೆ ಇಡಲು ಜಾಗವಿಲ್ಲ. ಕಂಪ್ಯೂಟರು ಜಾಗವಿಲ್ಲ ಎಂದು ಬಾಯಿಬಿಟ್ಟು ಹೇಳಲಿಲ್ಲ. ತನ್ನ ಹತ್ತಿರ ಇದ್ದ ಹಳೆಯದನ್ನೇ, ಅದೇ ಜೆಡ್ ಅಕ್ಷರದಡಿ, ಅದೇ ಹೆಸರಿನಲ್ಲಿ ತೋರಿಸುತ್ತಾ ಕೂತಿತು. ಊರಿನ ಅರ್ಧಕ್ಕರ್ಧ ರಸ್ತೆಗಳಲ್ಲಿ ಗ್ಯಾಸಿನ ಕೊಳವೆ ಹೂತಿದ್ದು ಆ ದಿನಗಳಲ್ಲೇ.

ಇದು ಗೊತ್ತಾದ ಬೆಳಗ್ಗೆ ನಾನು ಅತ್ತಿಗೆಯ ಮೇಜಿನ ತುದಿಯಲ್ಲಿ ಕೂತು ಅವಳ ಪಾಲಿನ ಟೀಯನ್ನೂ ಕುಡಿಯುತ್ತಿದ್ದೆ. ಫೋನು ಬಂತು. ಮೇಸ್ತ್ರಿಯ ದನಿಗೆ ಫೋನೇ ಬೇಡ. ರಿಸೀವರು ಅವಳ ಕಿವಿಯಲ್ಲಿದ್ದರೂ ಒಂದೊಂದು ಮಾತೂ ನನಗೆ ಕೇಳುತ್ತಿತ್ತು.

"ಮೇಡಂ, ನಿಮ್ಮ ಹೊಟ್ಟೆ ತಣ್ಣಗಿರ್ಲಿ! ಇವತ್ತು ಬೇಕರಿ ರಸ್ತೆ ಶೀಟು ಒತ್ತಿದ್ನೋ ಇಲ್ವೋ, ಬಂದೇಬಿಡ್ತು. ನಿಮ್ಮ ಯಜಮಾನ್ರು ತಗೊಂಡು ಹೊರಟೂ ಆಯ್ತು."

ಹೊಗಳಿದರೆ ಹೆದರುವ ಹೆಂಗಸು ಅವಳು. "ಅದು ದೊಡ್ಡ ಶೀಟು. ಅಷ್ಟು ಬೇಗ ಬಂತಾ?" ಎಂದಳು.

"ಎಲ್ಲಿ ದೊಡ್ಡದು? ಚೊಕ್ಕವಾಗಿದೆ. ನೀಲಿ ಗೆರೆ, ಕಂದು ಗೆರೆ, ಕೆಂಪು ಗೆರೆ. ಕಣ್ಣಿಗೆ ಹಿತ."

"ಹಳದಿ?"

"ಹಳದಿ ಇಲ್ಲ."

"ಸರಿಯಾಗಿ ನೋಡಿ. ಹಳದಿ ಗೆರೆ ಇಲ್ವಾ?"

"ಇಲ್ಲ ಮೇಡಂ. ಇನ್ನೊಂದು ಪ್ರತಿ ನನ್ನ ಕೈಯಲ್ಲೇ ಇದೆ. ಕನ್ನಡಕ ಹಾಕ್ಕೊಂಡೇ ಹೇಳ್ತಿದೀನಿ."

"ಮೂಲೇಲಿ ತಾರೀಖು ಏನಿದೆ?"

ಮೇಸ್ತ್ರಿ ಓದಿದರು. ಅದು ಕಳೆದ ವರ್ಷದ ತಾರೀಖು. ಅತ್ತಿಗೆಯ ಮುಖ ಸುಣ್ಣದಷ್ಟು ಬೆಳ್ಳಗಾಯಿತು. ಬೇಕರಿ ರಸ್ತೆಯ ಉದ್ದಕ್ಕೂ ಗ್ಯಾಸಿನ ಕೊಳವೆ ಇದೆ, ಹೋದ ತಿಂಗಳು ಆ ಹಳದಿ ಗೆರೆಯನ್ನು ಎಳೆದವಳು ಅವಳೇ. ಅದು ನನಗೂ ಗೊತ್ತಿತ್ತು. ಗೊತ್ತಿದ್ದರೂ ನನ್ನ ತಲೆಗೆ ವಿಷಯ ಇಳಿಯಲು ಒಂದು ಗಳಿಗೆ ಬೇಕಾಯಿತು. ಅಣ್ಣ ಆ ರಸ್ತೆಯನ್ನು ಅಗೆಯಲು ಹೋಗಿದ್ದಾನೆ. ಅವನ ಕೈಯಲ್ಲಿರುವ ಕಾಗದದ ಪ್ರಕಾರ ಅಲ್ಲಿ ಗ್ಯಾಸೇ ಇಲ್ಲ.

ನಾನು ಅಣ್ಣನಿಗೆ ಫೋನ್ ಹಚ್ಚಿದೆ. ರಿಂಗಾಯಿತು, ನಿಂತಿತು. ಮತ್ತೆ ರಿಂಗಾಯಿತು, ನಿಂತಿತು. ಧೂಳು ಹೋಗುತ್ತದೆಂದು ಅವನು ಫೋನನ್ನು ಟವೆಲಿನಲ್ಲಿ ಸುತ್ತಿ ಊಟದ ಚೀಲದಲ್ಲಿ ಇಡುತ್ತಾನೆ. ಜೆಸಿಬಿಯ ಸದ್ದಿನಲ್ಲಿ ಅದು ಬುತ್ತಿಯ ಪಕ್ಕ ಎಷ್ಟು ಬಡಿದುಕೊಂಡರೂ ಯಾರಿಗೂ ಕೇಳುವುದಿಲ್ಲ. ಅವನ ಜೊತೆ ಹೋಗಿದ್ದ ಗುದ್ದಲಿಯವನ ಬಳಿ ಫೋನೇ ಇಲ್ಲ.

ಅತ್ತಿಗೆ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಅವಳ ದನಿ ನಡುಗುತ್ತಿತ್ತು, ಆದರೆ ಮಾತು ತಪ್ಪಲಿಲ್ಲ. ಪಕ್ಕದ ಮೇಜಿನ ನಕ್ಷೆಗಾರರಿಗೆ ಹೇಳಿದಳು: "ಗ್ಯಾಸ್ ಆಫೀಸಿಗೆ ಮಾಡಿ, ಬೇಕರಿ ರಸ್ತೆ ಗ್ಯಾಸ್ ಲೈನ್ ಮುಚ್ಚೋಕೆ ಹೇಳಿ. ಆಮೇಲೆ ಇನ್ನೆರಡು ಡಿಪೋಗೆ ಮಾಡಿ. ಯಾರೂ ಅಗೀಬಾರ್ದು. ಯಾರೂ." ಮೇಸ್ತ್ರಿಗೆ, "ಇವರಿಗೆ ಫೋನ್ ಮಾಡ್ತಾನೇ ಇರಿ" ಎಂದು ಹೇಳಿ ರಿಸೀವರು ಕುಕ್ಕಿದಳು. ಅಷ್ಟು ಹೇಳಿ ಓಡಿದಳು. ಮೆಟ್ಟಿಲ ಕಡೆ ಅಲ್ಲ, ಲಿಫ್ಟಿನ ಕಡೆ. ಆ ಲಿಫ್ಟಿನೊಳಗೆ ಅವಳು ಕಾಲಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು. ಬಾಗಿಲು ಮುಚ್ಚುವಾಗ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಆಮೇಲೆ ಅಲ್ಲಿ ಉಗುರಿನ ಗುರುತು ಉಳಿದಿತ್ತು.

ನನ್ನ ಸ್ಕೂಟರು ತೆಗೆದೆ. ಹಿಂದೆ ಕೂತವಳು ನನ್ನ ಸೊಂಟವನ್ನು ಎರಡೂ ಕೈಯಿಂದ ಅಪ್ಪಿಕೊಂಡು, "ಜೋರಾಗಿ ಹೋಗೇ, ಇನ್ನೂ ಜೋರಾಗಿ" ಎಂದಳು. ಮೊದಲೆಲ್ಲ ಅವಳನ್ನು ಕೂರಿಸಿಕೊಂಡರೆ ನನ್ನ ಕಿವಿಯಲ್ಲಿ "ನಿಧಾನ, ನಿಧಾನ" ಬಿಟ್ಟು ಬೇರೆ ಮಾತಿರಲಿಲ್ಲ.

ನನಗೆ ಹೆದರಿಕೆಯ ಅಭ್ಯಾಸ ಇಲ್ಲ. ಅಭ್ಯಾಸ ಇಲ್ಲದವರಿಗೆ ಅದು ಬಂದರೆ ಹೇಗೆ ಹಿಡಿದುಕೊಳ್ಳುತ್ತದೆ ಎಂದು ಆ ದಾರಿಯಲ್ಲಿ ಗೊತ್ತಾಯಿತು. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಹೋಟೆಲಿನ ಮುಂದೆ ಹಾದುಹೋದಾಗ ಬಂದ ವಾಸನೆ ಗ್ಯಾಸಿನದ್ದು ಅನ್ನಿಸಿತು, ಬಸ್ಸಿನ ಹೊಗೆ ಗ್ಯಾಸಿನದ್ದು ಅನ್ನಿಸಿತು. ಎಲ್ಲೋ ಯಾರೋ ಅಂಗಡಿಯ ಷಟರು ಎಳೆದು ಕೆಡವಿದ ಸದ್ದಿಗೆ ನನ್ನ ಜೀವ ಬಾಯಿಗೆ ಬಂತು. ಅತ್ತಿಗೆಯ ಹಣೆ ನನ್ನ ಬೆನ್ನಿಗೆ ಬಡಿಯಿತು. ಇಬ್ಬರೂ ಆಕಾಶ ನೋಡಿದೆವು. ಹೊಗೆ ಇರಲಿಲ್ಲ.

"ಎಷ್ಟು ಆಳ ಇದೆ ಆ ಪೈಪು?" ಎಂದು ಕೂಗಿ ಕೇಳಿದೆ.

"ಸೊಂಟದಷ್ಟು" ಎಂದಳು.

"ನೀರಿಂದು?"

"ಅದರ ಕೆಳಗೆ."

ನೀರಿನ ಕೊಳವೆ ಮುಟ್ಟಬೇಕೆಂದರೆ ಅವನು ಇನ್ನೊಂದನ್ನು ಹಾದುಹೋಗಲೇಬೇಕು.

ಬೇಕರಿ ರಸ್ತೆಯ ತಿರುವಿನಲ್ಲಿ ಸಾಲುಸಾಲು ಗಾಡಿಗಳು. ರಸ್ತೆ ಅಗೆಯುತ್ತಿದ್ದಾರೆ, ಅದಕ್ಕೇ ಈ ಸಾಲು. ಸ್ಕೂಟರನ್ನು ಯಾರದೋ ಗೇಟಿಗೆ ಒರಗಿಸಿ ಓಡಿದೆವು. ಬೇಕರಿಯ ಚಿಮಣಿಯಿಂದ ಹೊಗೆ ಏಳುತ್ತಿತ್ತು. ಒಳಗೆ ಒಲೆ ಉರಿಯುತ್ತಿದೆ ಎಂದರೆ ಹೊರಗೆ ಜನ ಬ್ರೆಡ್ಡಿಗೆ ಕಾಯುತ್ತಿದ್ದಾರೆ. ಕಾಯುತ್ತಿದ್ದರು. ಒಬ್ಬಾಕೆಯ ಕಂಕುಳಲ್ಲಿ ಕೂಸಿತ್ತು. ಬೇಕರಿಯ ಮೆಟ್ಟಿಲಿನಿಂದ ನಾಲ್ಕು ಮಾರು ದೂರದಲ್ಲಿ ಗುಂಡಿ, ಗುಂಡಿಯ ಅಂಚಿನಲ್ಲಿ ಸಿಗರೇಟು ಸೇದುತ್ತಾ ಗುದ್ದಲಿಯವನು, ಅವನ ತಲೆಯ ಮೇಲೆ ಜೆಸಿಬಿಯ ಕೈ. ಅದು ಮಣ್ಣು ಸುರಿದು ಮತ್ತೆ ಕೆಳಗೆ ಇಳಿಯುತ್ತಿತ್ತು.

"ಅಣ್ಣಾ!" ಎಂದು ಕಿರುಚಿದೆ. ಆ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ಅಣ್ಣನ ಕಣ್ಣು ಬಕೆಟ್ಟಿನ ಮೇಲಿತ್ತು.

ಅತ್ತಿಗೆ ಕಿರುಚಲಿಲ್ಲ. ಕಟ್ಟಿದ್ದ ಹಗ್ಗದಡಿ ನುಸುಳಿ ಗುಂಡಿಗೆ ಹಾರಿದಳು.

ಬಕೆಟ್ಟು ಅವಳ ತಲೆಯ ಮೇಲೆ ಗಕ್ಕನೆ ನಿಂತಿತು. ಹಲ್ಲುಗಳಿಂದ ಮಣ್ಣು ಉದುರಿ ಅವಳ ಕೂದಲ ಮೇಲೆ ಬಿತ್ತು. ಅಣ್ಣ ಮೇಲಿನಿಂದ ಧುಮುಕಿ ಬಂದ. ಅಂಥ ಸಿಟ್ಟನ್ನು ಅವನ ಮುಖದಲ್ಲಿ ನಾನು ಕಂಡಿರಲಿಲ್ಲ.

"ತಲೆ ಕೆಟ್ಟಿದ್ಯಾ ನಿಂಗೆ? ಬಕೆಟ್ ಕೆಳಗೆ ಬಂದು ನಿಲ್ತೀಯಲ್ಲ! ಕೈ ಒಂದಿಷ್ಟು ತಡ ಆಗಿದ್ರೆ ಏನಾಗ್ತಿತ್ತು?"

ಅವಳು ತಲೆಯ ಮಣ್ಣನ್ನೂ ಕೊಡವಲಿಲ್ಲ. "ಇಂಜಿನ್ ಆರಿಸ್ರೀ. ಅವರ ಸಿಗರೇಟು… ಆ ಸಿಗರೇಟು ಆರಿಸೋಕೆ ಹೇಳಿ. ಕೆಳಗೆ ಗ್ಯಾಸ್ ಇದೆ."

"ಶೀಟಲ್ಲಿ ಇಲ್ಲ."

"ಶೀಟು ಹಳೇದು ರೀ. ಹಳೇದು ಕೊಟ್ಟಿದ್ದು ನಾನೇ."

ಇಂಜಿನ್ ನಿಂತಿತು. ಗುದ್ದಲಿಯವನು ಸಿಗರೇಟನ್ನು ಎಸೆಯಲೂ ಹೆದರಿ, ಕೈಯಲ್ಲಿ ಹಿಡಿದುಕೊಂಡೇ ರಸ್ತೆಯ ಆ ಕೊನೆಯವರೆಗೆ ನಡೆದುಹೋಗಿ ಬಂದ. ಆಮೇಲೆ ಗುಂಡಿಗೆ ಇಳಿದು, ಅತ್ತಿಗೆ ನಿಂತಿದ್ದ ಜಾಗದಲ್ಲೇ ಗುದ್ದಲಿಯ ಅಂಚಿನಿಂದ ಮಣ್ಣನ್ನು ಕೆರೆದ. ಗೇಣಿನಷ್ಟು ಕೆರೆದಿರಬೇಕು, ಹಳದಿ ಕಂಡಿತು. ಮೇಲೆ ಹಾಸಬೇಕಾಗಿದ್ದ ಎಚ್ಚರಿಕೆಯ ಪಟ್ಟಿಯನ್ನು ಹೂತವರು ಹಾಸಿರಲಿಲ್ಲ. ಪ್ಲಾಸ್ಟಿಕ್ಕಿನ ಕೊಳವೆ, ಹೊಸದು, ತೊಳೆದಿಟ್ಟ ಹಾಗೆ ಹೊಳೆಯುತ್ತಿತ್ತು.

ಅಣ್ಣ ಬಕೆಟ್ಟಿನ ಹಲ್ಲು ನೋಡಿದ, ಕೊಳವೆ ನೋಡಿದ, ಬೇಕರಿಯ ಮುಂದಿನ ಜನರನ್ನು ನೋಡಿದ. ಅವನು ಏನಾದರೂ ತಮಾಷೆ ಮಾಡುತ್ತಾನೆಂದು ನಾನು ಕಾದೆ. ಮಾಡಲಿಲ್ಲ. ಮಣ್ಣಿನ ಗುಡ್ಡೆಯ ಮೇಲೆ ಕೂತು ಹೆಂಡತಿಯ ಕೂದಲಿನಿಂದ ಮಣ್ಣು ಕೊಡವತೊಡಗಿದ.

ಗ್ಯಾಸಿನವರು ಬಂದರು, ಬೇಕರಿಯ ಒಲೆ ಆರಿಸಿದರು, ಕೊಳವೆಯನ್ನು ಸವರಿ ನೋಡಿದರು. ಏನೂ ಆಗಿರಲಿಲ್ಲ. ಅವರಲ್ಲೊಬ್ಬ ಹಿರಿಯ ತಂತ್ರಜ್ಞ ಅಣ್ಣನಿಗೆ ಹೇಳಿದ, "ಪುಣ್ಯ ಮಾಡಿದ್ದೀರಿ. ತೂತಾದ್ರೆ ವಾಸನೆ ಬರುತ್ತೆ, ಗೊತ್ತಾಗುತ್ತೆ. ಗೀರಿದ್ರೆ ಗೊತ್ತೇ ಆಗಲ್ಲ. ಮಣ್ಣು ಮುಚ್ಚಿ ಹೋಗ್ತೀರಿ, ಯಾವತ್ತೋ ಒಂದಿನ ಅದು ಬಾಯಿ ಬಿಡುತ್ತೆ."

ಅಣ್ಣ ತಲೆ ಎತ್ತಿದ. "ಆ ಟಿಕ್ ಯಾವಾಗ ಹಾಕಿದ್ದು ನೀನು?" ಎಂದು ಅತ್ತಿಗೆಯನ್ನು ಕೇಳಿದ.

"ಮಗೂಗೆ ಶಾಲೆ ಶುರುವಾದಾಗ."

ಶಾಲೆ ಶುರುವಾಗಿ ಮಳೆಗಾಲವೇ ಕಳೆದಿತ್ತು. ಅಷ್ಟು ದಿನವೂ ಅವನು ಬೆಳಗ್ಗೆ ಒಂದು ಕಾಗದ ಹಿಡಿದು ಹೋಗಿ ಎಲ್ಲೋ ಅಗೆದು ಬಂದಿದ್ದ.

ಮಧ್ಯಾಹ್ನ ದೊಡ್ಡ ಸಾಹೇಬರು ಅವಳನ್ನು ಕರೆಸಿದರು. ನಾನು ಬಾಗಿಲ ಹೊರಗೆ ಕಿವಿಗೊಟ್ಟು ನಿಂತಿದ್ದೆ. ಅದರಲ್ಲಿ ನನಗೆ ನಾಚಿಕೆ ಇಲ್ಲ. ಸಾಹೇಬರು ಕೆಟ್ಟವರಲ್ಲ, ತೊಂದರೆ ಬೇಡದವರು. "ನೆಟ್‌ವರ್ಕ್ ಕೈ ಕೊಡ್ತು ಅಂತ ಬರೆದುಬಿಡಿ. ಕಂಪ್ಯೂಟರುಗಳೂ ಹಳೇವು. ಯಾರಿಗೂ ಏನೂ ಆಗಿಲ್ವಲ್ಲ" ಎಂದರು.

"ನೆಟ್‌ವರ್ಕ್ ಸರಿಯಾಗೇ ಇತ್ತು ಸರ್. ಟಿಕ್ ಹಾಕಿದ್ದು ನಾನು. ಡಿಸ್ಕ್ ತುಂಬಿದ್ರೆ ಏನಾಗುತ್ತೆ ಅಂತ ನೋಡದೇ ಇದ್ದಿದ್ದೂ ನಾನು. ಟ್ಯಾಂಕ್ ಡಿಪೋದವರು ಅಲ್ಲಿಂದೀಚೆಗೆ ಅಗೆದಿದ್ದನ್ನೆಲ್ಲ ತೆಗೆದು ನೋಡ್ಬೇಕು ಸರ್."

"ಡಾಂಬರು ಹಾಕಿ ಆಗಿದೆಯಲ್ರೀ! ಗ್ಯಾಸಿನವರು ವಾಸನೆ ಹಿಡಿಯೋ ಯಂತ್ರ ತಂದು ಮೇಲಿಂದ ನೋಡ್ತಾರೆ. ಅಷ್ಟು ಸಾಕು."

"ಮೇಲಿಂದ ಗೊತ್ತಾಗಲ್ಲ ಸರ್."

"ವಿಚಾರಣೆ ಆಗುತ್ತೆ, ಗೊತ್ತಲ್ಲ? ಕೆಲಸದ ಮೇಲೆ ಬರುತ್ತೆ."

"ಆಗ್ಲಿ ಸರ್" ಎಂದಳು. ಗುಡುಗಿಗೆ ಮಂಚದಡಿ ಸೇರುವವಳು ಆ ಮಾತಿಗೆ ದನಿಯನ್ನೂ ತಗ್ಗಿಸಲಿಲ್ಲ. ಸಾಹೇಬರು ಆಯಿತು ನೋಡೋಣ ಎಂದರು. ಅವರ ನೋಡೋಣಗಳು ನಮಗೆ ಗೊತ್ತಿರುವಂಥವೇ.

ಅವಳು ಮೇಲ್ಮಹಡಿಗೆ ಹೋಗಿ ಮೂರೂ ಡಿಪೋಗಳ ಟಿಕ್ ತೆಗೆಸಿದಳು. ಟ್ಯಾಂಕ್ ಡಿಪೋದಲ್ಲಿ ಮರಳಿನ ಗಡಿಯಾರ ಮತ್ತೆ ಬಂದು ನಿಂತಿತು. ಮೇಸ್ತ್ರಿ ಈ ಸಲ ಗಡ್ಡದ ಮಾತೆತ್ತಲಿಲ್ಲ.

ಸಂಜೆ ಮೂವರೂ ನಡೆದೇ ಮನೆಗೆ ಹೊರಟೆವು. ಸ್ಕೂಟರನ್ನು ನಾನು ತಳ್ಳಿಕೊಂಡು ಬಂದೆ, ಯಾಕೋ ಹತ್ತುವ ಧೈರ್ಯವಾಗಲಿಲ್ಲ. ಇನ್ನೂ ಬೆಳಕಿತ್ತು. ದವಾಖಾನೆಯ ಎದುರು ಒಂದು ಕಪ್ಪು ತೇಪೆ. ಅಣ್ಣ ಅದರ ಮುಂದೆ ನಿಂತ. ಒಳಗೆ ಬೆಂಚಿನ ಮೇಲೆ ಜನ ಚೀಟಿ ಹಿಡಿದು ಕೂತಿದ್ದರು. ಬಸ್ ನಿಲ್ದಾಣದ ಹತ್ತಿರ ಇನ್ನೊಂದು, ಅದರ ಮೇಲೆ ಕಡಲೆ ಮಾರುವವನ ಗಾಡಿ, ಗಾಡಿಯಲ್ಲಿ ಕೆಂಡ. ದರ್ಜಿಯ ಅಂಗಡಿಯ ಮುಂದೆ ಮತ್ತೊಂದು. ಯಾವುದಕ್ಕೂ ಅವನು "ಇದು ನಂದು" ಎನ್ನಲಿಲ್ಲ. ಅತ್ತಿಗೆ ಒಂದೊಂದನ್ನೂ ಸುತ್ತುಹಾಕಿ ನಡೆದಳು. ಆಮೇಲೆ ನೋಡಿದರೆ ಅಣ್ಣನೂ ಹಾಗೇ ನಡೆಯುತ್ತಿದ್ದ, ನಾನೂ.

ನಮ್ಮ ಬೀದಿಗೆ ತಿರುಗಿದೆವು. ಮನೆಯ ಬಾಗಿಲೆದುರು ಅಣ್ಣನ ಮಗಳು ಕುಂಟೆಬಿಲ್ಲೆ ಆಡುತ್ತಿದ್ದಳು. ಬಳಪದ ಗೆರೆ ಚೆನ್ನಾಗಿ ಮೂಡುತ್ತದೆಂದು ಅವಳು ಮನೆಗಳನ್ನು ಬರೆದುಕೊಂಡಿದ್ದುದು ಹೊಸ ಡಾಂಬರಿನ ಮೇಲೆ. ಮಳೆಗಾಲದ ನಡುವೆ ನಮ್ಮ ಬೀದಿಯ ನೀರಿನ ಕೊಳವೆ ಒಡೆದು, ಹಳದಿ ಗೆರೆಯಿಲ್ಲದ ಶೀಟು ನೋಡಿ ಗ್ಯಾಸು ಬೀದಿಯ ಆ ಬದಿಗಿದೆ ಎಂದುಕೊಂಡು, ಅಣ್ಣನೇ ಜೆಸಿಬಿ ತಂದು, ಅಕ್ಕಪಕ್ಕದವರೆಲ್ಲ ನೋಡಲೆಂದು ಸ್ವಲ್ಪ ಜಂಬದಿಂದಲೇ ಅಗೆದಿದ್ದ ಜಾಗ ಅದು.

ಅಣ್ಣ ರಸ್ತೆಯ ನಡುವೆ ನಿಂತುಬಿಟ್ಟ. "ಅವತ್ತು ಬಕೆಟ್ಟಿಗೆ ಏನೋ ತಾಗಿತ್ತು" ಎಂದ. "ಕಲ್ಲು ಅಂದ್ಕೊಂಡೆ."

ಅತ್ತಿಗೆ ಓಡಿಹೋಗಿ ಮಗಳನ್ನು ಎತ್ತಿಕೊಂಡಳು. "ಅತ್ತೆ, ಒಲೆ ಆರಿಸಿ! ಹಾಗೇ ಹೊರಗೆ ಬನ್ನಿ, ಲೈಟ್ ಮುಟ್ಟಬೇಡಿ!" ಎಂದು ಕೂಗಿದಳು. ಅಮ್ಮ ಸೌಟು ಹಿಡಿದುಕೊಂಡೇ ಬಂದರು. ಅತ್ತಿಗೆ ಗ್ಯಾಸಿನವರಿಗೆ ಫೋನ್ ಮಾಡಿದಳು. ಬರುತ್ತೇವೆ, ಅಲ್ಲಿಯವರೆಗೆ ಮುಟ್ಟಬೇಡಿ ಎಂದರಂತೆ. ಅಣ್ಣ ಆಗಲೇ ಹಿತ್ತಲಿನಿಂದ ಗುದ್ದಲಿ ತಂದಾಗಿತ್ತು. ನಮ್ಮನ್ನೆಲ್ಲ ಎದುರು ಮನೆಯ ಗೋಡೆಯವರೆಗೂ ಅಟ್ಟಿ, ಕಬ್ಬಿಣ ತಾಗಿದರೆ ಕಿಡಿ ಹಾರೀತೆಂದು ತಂಬಿಗೆಯಿಂದ ನೀರು ಸುರಿದು ಸುರಿದು ಡಾಂಬರು ಎಬ್ಬಿಸಿದ. ಅದಾದ ಮೇಲೆ ಗುದ್ದಲಿಯನ್ನೂ ಬಿಟ್ಟು ಕೈಯಿಂದಲೇ ಮಣ್ಣು ತೆಗೆದ. ಮೊಟ್ಟೆ ಎತ್ತಿಡಬಲ್ಲೆ ಎನ್ನುತ್ತಿದ್ದವನು ಬೆರಳಿನಿಂದ ಒಂದೊಂದು ಹರಳನ್ನೂ ಬಿಡಿಸಿ ಪಕ್ಕಕ್ಕಿಡುತ್ತಿದ್ದ. ಮಗು "ಅಪ್ಪ ಏನು ಹುಡುಕ್ತಿದಾರೆ?" ಎಂದು ಕೇಳಿತು.

ಅವನ ಕೈ ನಿಂತಿತು. ನನಗೆ ತಡೆಯಲಾಗದೆ ಹತ್ತಿರ ಹೋದೆ. ಗುಂಡಿಯ ಅಂಚಿನ ಮಣ್ಣಿನಲ್ಲಿ ಅರೆಹುದುಗಿದ್ದ ಹಳದಿ ಕೊಳವೆಯ ಮೈಮೇಲೆ ಬಕೆಟ್ಟಿನ ಒಂದು ಹಲ್ಲು ಎಳೆದ ಗೀರು, ಗೇಣುದ್ದ. ನಡುವೆ ಅದು ಎಷ್ಟು ಆಳಕ್ಕೆ ಇಳಿದಿತ್ತೆಂದರೆ ಅಲ್ಲಿ ಪ್ಲಾಸ್ಟಿಕ್ಕು ತೆಳ್ಳಗಾಗಿ ಬಿಳಿಚಿತ್ತು. ಅಣ್ಣ ಹೆಬ್ಬೆರಳನ್ನು ಅದರೊಳಗಿಟ್ಟ. ಬೆರಳು ಅದರಲ್ಲಿ ಕೂತಿತು.

"ಇದರ ಮೇಲೆ ಅವಳು ಕುಣೀತಿದ್ಲು" ಎಂದ. ಅವನ ದನಿ ಅಣ್ಣನ ದನಿಯಂತಿರಲಿಲ್ಲ. ಏಳಲು ನೋಡಿದ, ಆಗಲಿಲ್ಲ.

ಅತ್ತಿಗೆ ಮಗಳನ್ನು ಅಮ್ಮನ ಕೈಗೆ ಕೊಟ್ಟು ಬಂದು ಗುಂಡಿಗಿಳಿದಳು. ಅವನ ಪಕ್ಕದಲ್ಲಿ ಮಣ್ಣಿನ ಮೇಲೆ ಕೂತು, ಅವನ ಇನ್ನೊಂದು ಕೈಯನ್ನು ತನ್ನ ಎರಡೂ ಕೈಯೊಳಗೆ ತೆಗೆದುಕೊಂಡಳು.

"ಯಾವ ಯಾವ ಬೀದಿ ಅಂತ ನೆನಪು ಮಾಡ್ಕೊಳ್ಳಿ" ಎಂದಳು. "ಎಲ್ಲೆಲ್ಲಿ ಕಲ್ಲು ಸಿಕ್ತು ಅನ್ನಿಸಿತ್ತೋ, ಅದನ್ನ ಮೊದಲು ಹೇಳಿ."

ಅಣ್ಣ ಗೀರಿನಿಂದ ಬೆರಳು ತೆಗೆಯದೆ, ದವಾಖಾನೆಯಿಂದ ಶುರುಮಾಡಿ ಒಂದೊಂದೇ ಬಾಗಿಲ ಮುಂದಿನ ತೇಪೆಯನ್ನು ಹೇಳತೊಡಗಿದ.